ನಡೆದ ಇಲಿ

"ಅಕ್ಕಾ, ಇನ್ನೊಂದ್ಸಲ," ಎಂದು ತಮ್ಮ, ಅಕ್ಕನ ಮೊಬೈಲಿನ ವಿಡಿಯೊವನ್ನು ಮತ್ತೆ ಮೊದಲಿಗೆ ಎಳೆದ. ಬೆನ್ನುಹುರಿ ಜಜ್ಜಿಹೋಗಿದ್ದ ಬಿಳಿ ಇಲಿ ಹಿಂಗಾಲೂರಿ ಎದ್ದು, ತೂರಾಡುತ್ತ, ಗಾಜಿನ ಪೆಟ್ಟಿಗೆಯ ಈ ತುದಿಯಿಂದ ಆ ತುದಿಗೆ ನಡೆಯಿತು. ತಾನು ಕೂತ ಗಾಲಿಕುರ್ಚಿಯ ಹಿಡಿಯನ್ನು ಅವನು ಬಿಗಿಯಾಗಿ ಹಿಡಿದಿದ್ದ, ಇಲಿ ಬಿದ್ದರೆ ತಾನೇ ಬೀಳುವವನಂತೆ.

ವಿಡಿಯೊ ತೆಗೆದವಳು ಅಕ್ಕನೇ. ಕಾಂಡಕೋಶಗಳು ಹೊರಚೆಲ್ಲುವ ಎಕ್ಸೋಸೋಮ್ ಎಂಬ ಅತಿ ಸೂಕ್ಷ್ಮ ಗುಳ್ಳೆಗಳನ್ನು ಸೋಸಿ ತೆಗೆದು ಆ ಇಲಿಗೆ ಚುಚ್ಚಿದವಳೂ ಅವಳೇ. ಮನುಷ್ಯರ ಸರದಿ ಯಾವ ಕಾಲಕ್ಕೋ, ತಮ್ಮನಿಗೆ ತೋರಿಸಬಾರದಿತ್ತು. ಹಿಗ್ಗು ತಡೆಯಲಾರದೆ ತೋರಿಸಿಬಿಟ್ಟಿದ್ದಳು.

"ಭಲೇ ಮಗನೇ!" ಅವನು ಪರದೆಯ ಮೇಲೆ ಇಲಿಯ ಬೆನ್ನು ಸವರಿದ. "ಎಲ್ಲಿದ್ದಾನೆ ಈಗ ನಮ್ಮ ಹೀರೊ? ಓಡೋಕೂ ಶುರು ಮಾಡಿರ್ಬೇಕಲ್ಲ?"

ಸುಳ್ಳು ನಾಲಿಗೆಯ ತುದಿಯವರೆಗೂ ಬಂತು, ದಾಟಲಿಲ್ಲ. "ಇಲ್ಲ ಕಣೋ. ಒಳಗೆ ನರ ನಿಜವಾಗ್ಲೂ ಬೆಳೆದಿದ್ಯಾ ಅಂತ ಕೊಯ್ದು ನೋಡ್ಲೇಬೇಕು. ಎಲ್ಲ ಪ್ರಯೋಗದಲ್ಲೂ ಹಾಗೇನೇ. ವಿಡಿಯೊ ತೆಗೆದ ದಿನಾನೇ..."

ಅವನ ಬೆರಳು ಇಲಿಯ ಮೇಲೆ ಹಾಗೇ ನಿಂತಿತು. "ನಡೆದಿದ್ದಕ್ಕೆ ಕೊಂದ್ರಿ."

ಮತ್ತೆ ಅವನೇ ಕೇಳಿದ.

"ಹೋಲಿಸಿ ನೋಡೋಕೆ ಅಂತ ಮದ್ದು ಕೊಡದೆ ಇನ್ನೊಂದು ಇಲೀನ ಬಿಟ್ಟಿದ್ರಲ್ಲ, ಅದು?"

"ಅದನ್ನೂ. ಅವತ್ತೇ."

ಅವನು ಮೊಬೈಲನ್ನು ಅವಳ ಕೈಗಿತ್ತು, ಜಾರಿದ್ದ ಹೊದಿಕೆಯನ್ನು ತನ್ನ ಕಾಲುಗಳ ಮೇಲೆ ಎಳೆದುಕೊಂಡ.

"ಪಾಪ, ಅದು ನಡೀಲೂ ಇಲ್ವಲ್ಲೇ ಅಕ್ಕಾ."