ಅವಳ ಪರವಾಗಿ

ಮಾನವ ಕಳ್ಳಸಾಗಣೆ ಕುರಿತ ವಿಚಾರ ಸಂಕಿರಣಕ್ಕೆ ಝರ್ನಾಳನ್ನು ಪುನರ್ವಸತಿ ಕೇಂದ್ರದ ಜೀಪಿನಲ್ಲಿ ಕರೆತಂದರು. ಲಾಡ್ಜಿನ ಮೇಲೆ ದಾಳಿ ಮಾಡಿ ಅವಳನ್ನು ರಕ್ಷಿಸಿ ಹನ್ನೆರಡು ದಿನವಾಗಿತ್ತು. ಬಂಗಾಳದ ಹೆಂಗಸೆಂದು, ಆ ಭಾಷೆ ಬಲ್ಲ ನಿವೃತ್ತ ಅಧ್ಯಾಪಕಿ ವಾರಿಜಾ ಅವರನ್ನು ದುಭಾಷಿಯಾಗಿ ಪಕ್ಕದಲ್ಲಿ ಕೂರಿಸಿದ್ದರು.

"ನಿನ್ನನ್ನು ಮಾರಿದವರು ಯಾರು? ಹೆದರದೆ ನಿನ್ನ ಭಾಷೆಯಲ್ಲೇ ಹೇಳಮ್ಮ," ಎಂದರು ಅಧ್ಯಕ್ಷರು.

ಝರ್ನಾ ಬಂಗಾಳಿಯಲ್ಲಿ ಹೇಳಿದಳು: "ಯಾರೂ ಮಾರಲಿಲ್ಲ. ಗಂಡ ಸತ್ತ ಮೇಲೆ ನಾನೇ ರೈಲು ಹತ್ತಿ ಬಂದೆ. ಈ ಕೆಲಸವನ್ನೂ ನಾನೇ ಹಿಡಿದೆ."

ವಾರಿಜಾ ಒಮ್ಮೆ ಸಭೆಯತ್ತ ನೋಡಿದರು. ಇದನ್ನು ಇದ್ದ ಹಾಗೇ ಹೇಳಿದರೆ ಈ ಬಡಪಾಯಿಯ ಮೇಲೆ ಯಾರಿಗೆ ತಾನೇ ಕರುಣೆ ಉಳಿದೀತು? ಅವಳ ಒಳ್ಳೆಯದಕ್ಕೇ ಎಂದುಕೊಂಡು ಮೈಕು ಹಿಡಿದರು.

"ನಂಬಿದವನೇ ರೈಲು ಹತ್ತಿಸಿ ತಂದು ಮಾರಿಬಿಟ್ಟನಂತೆ."

ಸಭೆ ನಿಟ್ಟುಸಿರಿಟ್ಟಿತು.

"ಅಯ್ಯೋ ಪಾಪ! ಈಗ ಏನು ಬೇಕಂತೆ?" ಎಂದು ಕೇಳಿದರು ಅಧ್ಯಕ್ಷರು.

"ನನ್ನನ್ನು ಬಿಟ್ಟುಬಿಡಲಿ, ಮನೆಗೆ ಹೋಗಬೇಕು," ಎಂದಳು ಝರ್ನಾ ಮತ್ತೆ ಬಂಗಾಳಿಯಲ್ಲಿ.

"ಹುಟ್ಟಿದೂರಿಗೆ ಕಳಿಸಿಕೊಡಿ ಅಂತ ಬೇಡಿಕೊಳ್ಳುತ್ತಿದ್ದಾಳೆ." ವಾರಿಜಾರ ದನಿ ನಿಜಕ್ಕೂ ನಡುಗಿತು.

ಚಪ್ಪಾಳೆ ಮೊಳಗಿತು. ನಾಳೆಯೇ ಅವಳನ್ನು ರೈಲು ಹತ್ತಿಸುವುದಾಗಿ ಅಧ್ಯಕ್ಷರು ಎದ್ದು ನಿಂತು ಘೋಷಿಸಿದರು.

ಝರ್ನಾ ವಾರಿಜಾರ ಕೈಯಿಂದ ಮೆಲ್ಲಗೆ ಮೈಕು ಬಿಡಿಸಿಕೊಂಡು ಅಚ್ಚ ಕನ್ನಡದಲ್ಲಿ ಅಂದಳು: "ನಾನು ಹಂಗೆ ಹೇಳ್ಲೇ ಇಲ್ಲ ಸಾರ್. ನನ್ನ ಮನೆ ಇಲ್ಲೇ ಮಾರ್ಕೆಟ್ ಹಿಂದೆ. ಒಂದನೇ ಕ್ಲಾಸಿನ ಮಗಳು ಪಕ್ಕದ ಮನೇಲಿ ಕಾಯ್ತಾ ಇದ್ದಾಳೆ, ಅವಳಿಗೆ ಕಾಗುಣಿತ ಹೇಳಿಕೊಡೋಳು ನಾನೇ."