ಓಣಿಗೆ ಎಷ್ಟು ಆಂಪಿಯರ್?

ತಾಲೂಕಿಗೊಂದು ದೇಶವಾದ ಮೇಲೆ ದೇಶಕ್ಕೊಂದು ಪ್ಲಗ್ಗಾಯಿತು. ಸಿಂದಗಿಯದು ಒನಕೆಯಷ್ಟು ದಪ್ಪ, ಮುದ್ದೇಬಿಹಾಳದ್ದಕ್ಕೆ ಎಣಿಸಿದರೆ ಸಾವಿರ ಮುಳ್ಳು. ಸೂಲಗಿತ್ತಿ ನೀಲಗಂಗವ್ವನ ಬಳಿ ಎಲ್ಲಕ್ಕೂ ಹೊಂದುವ, ನೂರು ಬಾಯಿಯ ಕನೆಕ್ಟರಿತ್ತು. ಆದರೂ ಅವಳ ಕಾರು ಬ್ಯಾಟರಿ ಬತ್ತಿ ಮುದ್ದೇಬಿಹಾಳದ ಓಣಿಯಲ್ಲಿ ನಿಂತಿತ್ತು. ಗಡಿಯಾಚೆ ಬಸುರಿಗೆ ನೋವು ಶುರುವಾಗಿತ್ತು.

“ಮನಿಗೆ ಆರೇ ಆಂಪಿಯರ್ ರೀ ಅಕ್ಕಾರ,” ಎಂದ ಕರೆಂಟು ಕಾಯುವ ಪೇದೆ. “ಇದು ತುಂಬೂದ್ರಾಗ ಕೂಸು ಸಾಲಿಗೆ ಹೋಗತೈತಿ.”

“ಮನಿಗೆ ಆರು ಅಂದಿ. ಓಣಿಗೆ ಎಷ್ಟಪಾ?”

ಪೇದೆ ಆನೆತೂಕದ ಕಾಯ್ದೆ ಪುಸ್ತಕ ಮಗುಚಿದ. ಓಣಿಯ ಸುದ್ದಿಯೇ ಅದರಲ್ಲಿರಲಿಲ್ಲ.

ನೀಲಗಂಗವ್ವ ಹೆಪ್ಪು ಕೇಳುವವಳಂತೆ ಮನೆಮನೆಯ ಬಾಗಿಲು ತಟ್ಟಿದಳು. ಕಿಟಕಿಕಿಟಕಿಯಿಂದ ಕೇಬಲ್ಲು ಇಳಿದು ಕನೆಕ್ಟರಿನ ಬಾಯಿಬಾಯಿಗೂ ಸೇರಿ, ಕಾರು ಜಡೆಬಿಚ್ಚಿದ ರಾಕ್ಷಸಿಯಂತಾಯಿತು.

ಕೊನೆಗೆ ಪೇದೆಯೂ ತನ್ನ ಮನೆಯಿಂದ ಒಂದನ್ನು ಎಳೆದುಕೊಂಡು ಬಂದ.

“ನಮ್ಮವೂ ಆರು ಹಿಡೀರಿ ಅಕ್ಕಾರ. ಜಲ್ದಿ ಹೋಗ್ರಿ.”