ಬಾಲ್ಕನಿಯಿಂದ ಇಳಿದ ಆರತಿ

ಪೆಟ್ರೋಲ್ ಬಂಕಿನ ವಾಸನೆ ಮೂಗಿಗೆ ಬಡಿದರೆ ಈಗಲೂ ಗೋವಿಂದರಾಜನಗರದ ಬಾಡಿಗೆ ಮನೆಯ ಒಂದು ಆಯುಧಪೂಜೆಯ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಗೇಟಿನೊಳಗೆ ಸ್ಕೂಟರ್ ನಿಲ್ಲಿಸಿಕೊಂಡು, ಹಳೆಯ ಬನಿಯನ್ ಚೂರನ್ನು ಪೆಟ್ರೋಲಿನಲ್ಲಿ ಅದ್ದಿ ಜಿಡ್ಡು ಒರೆಸುತ್ತಿದ್ದರು. ನನ್ನ ಅಂಗೈ ಮೇಲೆ ಬಿದ್ದ ಹನಿ ತಣ್ಣಗೆ ಕೊರೆದು, ನೋಡುತ್ತಿದ್ದಂತೆಯೇ ಮಾಯವಾಯಿತು. ಆ ವಾಸನೆ ನನಗೆ ಮಲ್ಲಿಗೆಗಿಂತ ಇಷ್ಟ. ಬಟ್ಟೆಯನ್ನೇ ಮೂಗಿಗೆ ಹಿಡಿದಾಗ ಅಪ್ಪನ ತಂಗಿ, ಆಗ ಬಿಎಸ್ಸಿ ಓದುತ್ತಿದ್ದ ನನ್ನ ಅತ್ತೆ, ಕಿತ್ತುಕೊಂಡಳು.

"ಮೂಸಬೇಡ ಕಣೇ, ತಲೆ ಸುತ್ತುತ್ತೆ."

ಅಷ್ಟರಲ್ಲಿ ಅಜ್ಜಿ ಉರಿಯುವ ಕರ್ಪೂರದ ತಟ್ಟೆ ಹಿಡಿದು ಮಹಡಿಯ ಮೆಟ್ಟಿಲು ಇಳಿಯತೊಡಗಿದರು.

"ಅಮ್ಮಾ, ಅಲ್ಲೇ ನಿಂತ್ಕೋ," ಎಂದಳು ಅತ್ತೆ. "ಪೆಟ್ರೋಲ್ ಆವಿ ಕಣ್ಣಿಗೆ ಕಾಣಲ್ಲ. ಗಾಳಿಗಿಂತ ಭಾರ, ನೆಲ ಹಿಡ್ಕೊಂಡು ಹರಿಯುತ್ತೆ. ಬೆಂಕಿ ಸೋಕಿದ್ರೆ ಸ್ಕೂಟರ್ ಜೊತೆ ನಾವೂ ಹೋಗ್ತೀವಿ."

"ದೇವರ ಕರ್ಪೂರ ಕಣೇ ಇದು, ಏನೂ ಮಾಡಲ್ಲ."

"ಅದು ಪೆಟ್ರೋಲಿಗೆ ಗೊತ್ತಾಗಲ್ಲಮ್ಮ."

ಅಪ್ಪ ಒದ್ದೆ ಬಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. ಅಜ್ಜಿ ಒಂದು ಕ್ಷಣ ಯೋಚಿಸಿ, ವಾಪಸ್ ಮೆಟ್ಟಿಲು ಹತ್ತಿದರು. ಬಾಲ್ಕನಿಯಲ್ಲಿ ನಿಂತು, ಕೆಳಗಿದ್ದ ಸ್ಕೂಟರನ್ನೇ ನೋಡುತ್ತಾ ಮೂರು ಸುತ್ತು ಆರತಿ ಎತ್ತಿದರು. ಎದುರುಮನೆಯ ಆಂಟಿ ತಮಗೇ ಎಂದುಕೊಂಡು ಕೈಮುಗಿದರು. ಅತ್ತೆ ನಕ್ಕೂ ನಕ್ಕೂ ಅಂಗಳದಲ್ಲೇ ಕುಕ್ಕರಿಸಿದಳು.

ಈಗ ನನ್ನದು ಬ್ಯಾಟರಿ ಸ್ಕೂಟರ್, ಒಂದು ಹನಿ ಪೆಟ್ರೋಲೂ ಇಲ್ಲ. ಆದರೂ ಪ್ರತಿ ಆಯುಧಪೂಜೆಗೆ ಅತ್ತೆ ಮಂಡಿನೋವಿನಲ್ಲೇ ಮೆಟ್ಟಿಲು ಹತ್ತಿ, ಬಾಲ್ಕನಿಯಿಂದಲೇ ಅದಕ್ಕೆ ಆರತಿ ಎತ್ತುತ್ತಾಳೆ.